ತವರಿನ ಮೇಲೆ ಹಾದುಹೋಗುವ ವಿಮಾನ

ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಕಲ್ಲೇಶಪ್ಪನ ಅಳಿಯ ಮಲ್ಲಿಕ್, ಯುಗಾದಿಗೆ ಬಂದವನು ಸುಮ್ಮನೆ ಹೋಳಿಗೆ ಉಂಡು, ಎಲೆಅಡಿಕೆ ಹಾಕಿಕೊಂಡು, ಒಂದು ನಿದ್ದೆ ತೆಗೆದು ಹೋಗಿದ್ದರೆ ಆ ಮನೆಯಲ್ಲಿ ಯಾವ ರಾಮಾಯಣವೂ ನಡೆಯುತ್ತಿರಲಿಲ್ಲ. ಆದರೆ ಓದಿಕೊಂಡ ಅಳಿಯಂದಿರಿಗೆ ಹೊಟ್ಟೆ ತುಂಬಿದ ಕೂಡಲೇ ಮಾವನಿಗೆ ಏನಾದರೊಂದು ತಿಳಿಸಿಕೊಡಬೇಕು ಅನ್ನಿಸುತ್ತದಲ್ಲ, ಅದಕ್ಕೇನು ಮಾಡುವುದು. ಮಲ್ಲಿಕ್ ಹುಬ್ಬಳ್ಳಿಯವನು, ತಿರುಪತಿಯ ಕಾಲೇಜೊಂದರಲ್ಲಿ ಮೇಷ್ಟ್ರು. ಕಲ್ಲೇಶಪ್ಪನ ಒಬ್ಬಳೇ ಮಗಳು ದೀಪಿಕಾಳನ್ನು ಮದುವೆಯಾಗಿ ಎರಡನೇ ವರ್ಷ. ಪಡಸಾಲೆಯಲ್ಲಿ ಚಾಪೆ ಮೇಲೆ ಒರಗಿ, ಮೊಬೈಲಿನಲ್ಲಿ ನಕ್ಷೆ ತೆಗೆದು ಮಾವನ ಮುಂದೆ ಹಿಡಿದ.

"ನೋಡ್ರಿ ಮಾವಾರ, ಹುಬ್ಬಳ್ಳಿಯಿಂದ ತಿರುಪತಿಗೆ ಬಸ್ಸಿನ್ಯಾಗ ಹ್ವಾದ್ರ ಐನೂರಾ ಎಪ್ಪತ್ತು ಕಿಲೋಮೀಟರ. ರಾತ್ರಿ ಪೂರಾ ಸೊಂಟಾ ನೋಯಿಸ್ಕೊಂಡು ಕುಂದರಬೇಕು. ವಿಮಾನದಾಗ ಐನೂರರ ಮ್ಯಾಲ ಚೂರು. ಒಂದ ತಾಸು ಹತ್ತ ನಿಮಿಷದಾಗ ಇಳಿಸಿ ಬಿಡ್ತಾನ."

"ಅಬ್ಬಾ!" ಎಂದ ಕಲ್ಲೇಶಪ್ಪ.

"ಇನ್ನೊಂದು ಮಜಾ ಕೇಳ್ರಿ," ಎಂದು ಮಲ್ಲಿಕ್ ಹುಬ್ಬಳ್ಳಿಯ ಮೇಲೆ ಬೆರಳಿಟ್ಟು ತಿರುಪತಿಯವರೆಗೆ ನೆಟ್ಟಗೆ ಗೆರೆ ಎಳೆದ. "ಈ ಗೆರಿ ಎಲ್ಲಿ ಹಾದು ಹೋಗತೈತಿ ನೋಡ್ರಿ. ನಿಮ್ಮೂರಿನ ಮ್ಯಾಲ! ನಾವು ಹೋಗೂವಾಗ ಬರೂವಾಗ ನಿಮ್ಮ ಮಾಳಿಗಿ ಮ್ಯಾಲೇ ಹೋಗಿರ್ತೇವಿ."

ಅಷ್ಟು ಸಾಕಾಯಿತು. ಮರುದಿನದಿಂದ ಕಲ್ಲೇಶಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೀರೆ ನೋಡಲು ಬಂದ ಗಿರಾಕಿಗಳಿಗೆ ಸೆರಗು ಬಿಚ್ಚಿ ತೋರಿಸುವ ಮೊದಲೇ ವಿಮಾನದ ವಿಷಯ ಬಿಚ್ಚುತ್ತಿದ್ದ. ಚಹಾದಂಗಡಿಯಲ್ಲಿ ಹೇಳಿದ, ಕ್ಷೌರದ ಅಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಹೇಳಿದ, ಮಗ್ಗದವರ ಮನೆಗೆ ನೂಲು ಕೊಡಲು ಹೋದಾಗ ಲಾಳಿ ನಿಲ್ಲಿಸಿ ಹೇಳಿದ. ಒಂದು ಗಂಟೆ ಹತ್ತು ನಿಮಿಷ ಎನ್ನುವುದನ್ನು ಆ ಊರಿನ ಮಕ್ಕಳೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡವು.

ಹೇಳದೆ ಬಿಟ್ಟಿದ್ದು ಒಬ್ಬರಿಗೇ, ಹೆತ್ತ ತಾಯಿ ತಿಪ್ಪೇರುದ್ರಮ್ಮನಿಗೆ. ಆಕೆಗೆ ಎಂಬತ್ತರ ಹತ್ತಿರ ವಯಸ್ಸು. ಬಾಯಲ್ಲಿ ಒಂದೂ ಹಲ್ಲಿಲ್ಲ, ಆದರೆ ಮಾತು ಕಚ್ಚುವುದಕ್ಕೆ ಹಲ್ಲು ಬೇಕಾಗಿರಲಿಲ್ಲ. ಕಾರ ಹುಣ್ಣಿಮೆಯ ಹೊತ್ತಿಗೆ ಎದುರು ಮನೆಯ ಲಕ್ಷ್ಮಕ್ಕ, ಮಗ್ಗದ ಕೆಲಸದವಳು, ಬಾಯಿ ತಡೆಯದೆ ಅವಳ ಮುಂದೆ ಎಲ್ಲವನ್ನೂ ಒದರಿಬಿಟ್ಟಳು. ಹೋದ ವಾರವಷ್ಟೇ ಮಲ್ಲಿಕನ ಅಣ್ಣನ ಮನೆ ಗೃಹಪ್ರವೇಶಕ್ಕೆ ದೀಪಿಕಾ ವಿಮಾನದಲ್ಲೇ ಹುಬ್ಬಳ್ಳಿಗೆ ಹೋಗಿ ಬಂದಿದ್ದಳು. ಮುದುಕಿ ಲೆಕ್ಕ ಹಾಕಿದಳು. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ.

"ಕಲ್ಲೇಶಾ, ಬಾ ಇಲ್ಲಿ," ಎಂದು ಮಗನನ್ನು ಕರೆದಳು. "ತವರು ಮನೆ ಮುಂದೆ ಹಾದು ಹೋಗೋ ಮಗಳು ಒಳಗೆ ಕಾಲಿಡದೆ ಹೋದ್ರೆ ಅದಕ್ಕೇನಂತಾರೆ?"

"ಮುಂದೆ ಅಲ್ಲವ್ವ, ಮೇಲೆ," ಎಂದು ಕಲ್ಲೇಶಪ್ಪ ನಕ್ಕ.

"ಮೇಲಾದ್ರೆ ಇನ್ನೂ ಕೇಡು! ಅರಿಶಿನ ಕುಂಕುಮ ಇಲ್ಲ, ಉಡಿ ತುಂಬಿಲ್ಲ, ಒಂದು ಲೋಟ ನೀರು ಕುಡೀಲಿಲ್ಲ. ನಾವೇನು ಸತ್ತಿದೀವಾ? ನಾನು ಲಗ್ನ ಆಗಿ ಬಂದಾಗ ನಮ್ಮಪ್ಪನ ಮನೆ ಕೊಂಡ್ಲಹಳ್ಳೀಲಿ. ಸಂತೆಗೆ ಅಂತ ಆ ದಾರೀಲಿ ಗಾಡಿ ಹೋದ್ರೆ, ನಮ್ಮಾವ ಎತ್ತು ಬಿಚ್ಚಿಸಿ ನನ್ನ ಒಳಗೆ ಕಳಿಸ್ತಿದ್ದ. ಎತ್ತಿಗೆ ಇದ್ದ ಬುದ್ಧಿ ನಿನ್ನ ವಿಮಾನಕ್ಕಿಲ್ಲ."

ಕಲ್ಲೇಶಪ್ಪ ಆಗ ನಕ್ಕು ಅಂಗಡಿಗೆ ಹೋದ. ಆದರೆ ಮಾತು ಒಳಗೆ ಹೊಕ್ಕಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಚುಚ್ಚಿತು, ಸಂಜೆ ಅಂಗಡಿಯ ಗಾದಿ ಮೇಲೆ ಕೂತಾಗ ಇನ್ನಷ್ಟು ಚುಚ್ಚಿತು. ಅಲ್ಲ, ಗಂಡನ ಮನೆಯವರ ಕಾರ್ಯಕ್ಕಾದರೆ ಎರಡು ದಿನ ಸಿಗುತ್ತದೆ, ನಡುವೆ ಇರುವ ತವರಿಗೆ ಒಂದು ಗಳಿಗೆ ಸಿಗಲಿಲ್ಲವೇ? ಅವನಿಗೆ ಮೂಗಿನ ತುದಿಯಲ್ಲೇ ಕೋಪ, ಮಗಳಿಗೂ ಅದೇ ಮೂಗು. ಫೋನು ಹಚ್ಚಿದ.

"ನಮ್ಮ ಮನೆ ಮೇಲೆ ಎಷ್ಟು ಸಲ ಹೋಗಿ ಬಂದೆ ನೀನು?"

"ಎಣಿಸಿಲ್ಲಪ್ಪ. ಯಾಕೆ?" ಎಂದಳು ದೀಪಿಕಾ.

"ಒಂದು ಸಲನಾದ್ರೂ ಇಳಿದು ಬರಬೇಕು ಅನ್ನಿಸಲಿಲ್ವಾ?"

"ಎಲ್ಲಿ ಇಳೀಲಿ? ನಮ್ಮ ಮಾಳಿಗೆ ಮೇಲೆ ಇಳಿಸ್ರಿ ಅಂತ ಪೈಲಟ್‌ಗೆ ಹೇಳ್ಲಾ?" ಎಂದು ಅವಳು ನಕ್ಕುಬಿಟ್ಟಳು.

ಆ ನಗು ಬೆಂಕಿಗೆ ತುಪ್ಪವಾಯಿತು. "ನಗಬೇಡ! ಅಪ್ಪನ ತಲೆ ಮೇಲೆ ಓಡಾಡೋರು ಅಪ್ಪನ ಮನೆಗ್ಯಾಕೆ ಬರ್ತೀರಿ? ಅಲ್ಲೇ ಮೇಲೇ ಇರ್ರಿ!" ಎಂದ.

"ಸರಿ ಬಿಡು. ಬರಲ್ಲ," ಎಂದಳು. ಫೋನು ಕಟ್ಟಾಯಿತು.

ಒಂದು ವಾರ ಹೋಯಿತು, ಎರಡು ಹೋಯಿತು. ಇವನು ಫೋನು ಮಾಡಲಿಲ್ಲ, ಅವಳೂ ಮಾಡಲಿಲ್ಲ. ಹೆಂಡತಿ ಗಂಗಾಂಬಿಕಾ ಮಗಳ ಜೊತೆ ಮಾತಾಡುವಾಗ ಕಲ್ಲೇಶಪ್ಪ ಪತ್ರಿಕೆ ಓದುವವನ ಹಾಗೆ ಹತ್ತಿರವೇ ಕೂರುತ್ತಿದ್ದ. "ನಿಮ್ಮ ಅಪ್ಪಂಗೆ ಕೊಡ್ಲಾ?" ಎಂದು ಆಕೆ ಕೇಳಿದರೆ ದಡಕ್ಕನೆ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಹೋದವನು ಬಾಗಿಲ ಸಂದಿಯಲ್ಲಿ ಕಿವಿ ಕೊಟ್ಟು ನಿಲ್ಲುತ್ತಿದ್ದ ಅನ್ನುವುದು ಬೇರೆ ಮಾತು.

ಆಷಾಢದ ಮೊದಲ ಶನಿವಾರ ಬೆಳಿಗ್ಗೆ ಅವನು ಮಾಳಿಗೆಯ ಮೇಲಿದ್ದ. ಬಣ್ಣ ಹಾಕಿದ ನೂಲು ಒಣಗಿದೆಯೇ ನೋಡಲು ಹೋದದ್ದು. ದಕ್ಷಿಣದ ಕಡೆಯಿಂದ ಗುಂಯ್ ಎಂದು ಸದ್ದು ಬಂತು. ನೋಡಿದರೆ ಸಣ್ಣದೊಂದು ಬಿಳಿ ವಿಮಾನ. ಮೆಲ್ಲಗೆ ಬಂತು, ಊರಿನ ಮೇಲೆ ದೊಡ್ಡದೊಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಬಂದ ದಾರಿಯಲ್ಲೇ ಹೋಯಿತು. ಕಲ್ಲೇಶಪ್ಪ ಬೆರಳು ಮಡಚಿ ವಾರ ಎಣಿಸಿದ. ಶನಿವಾರ! ಅಳಿಯ ಮಗಳು ಹುಬ್ಬಳ್ಳಿಗೆ ಹೋಗುವುದು ಶನಿವಾರಗಳಲ್ಲೇ.

ಮುಂದಿನ ಶನಿವಾರವೂ ಬಂತು. ಮತ್ತೆ ಎರಡು ಸುತ್ತು. ಕಲ್ಲೇಶಪ್ಪನಿಗೆ ಇನ್ನು ಅನುಮಾನ ಉಳಿಯಲಿಲ್ಲ. ಇಳಿಯಲು ಆಗುವುದಿಲ್ಲ, ಮಾತಾಡಲು ಅವಳ ಮೂಗು ಬಿಡುವುದಿಲ್ಲ, ಅದಕ್ಕೆ ಪೈಲಟ್‌ಗೆ ಹೇಳಿ ತವರಿಗೆ ಪ್ರದಕ್ಷಿಣೆ ಹಾಕಿಸುತ್ತಿದ್ದಾಳೆ! ಅವನು ಹೆಗಲ ಮೇಲಿನ ಟವೆಲ್ ತೆಗೆದು ಎರಡೂ ಕೈಯಲ್ಲಿ ಬೀಸಿದ. ಕಣ್ಣಲ್ಲಿ ನೀರು ಬಂತು. ಕೆಳಗೆ ಇಳಿದು ಬಂದು, "ಅವ್ವಾ, ನಿನ್ನ ಮೊಮ್ಮಗಳು ತಪ್ಪು ಒಪ್ಪಿಕೊಂಡ್ಳು," ಎಂದು ಘೋಷಿಸಿದ.

ನೀವು ನಗಬಹುದು. ಇಷ್ಟು ವ್ಯಾಪಾರ ಮಾಡಿದ ಮನುಷ್ಯ, ಜರಿ ಬೆರಳಿಗೆ ಸೋಕಿದರೆ ಅಸಲಿಯೋ ನಕಲಿಯೋ ಹೇಳುವವನು, ಅಷ್ಟೂ ಯೋಚಿಸಲಿಲ್ಲವೇ ಅಂತ. ಯೋಚಿಸಲಿಲ್ಲ. ಹೆಣ್ಣುಮಕ್ಕಳ ವಿಷಯ ಬಂದರೆ ಅಪ್ಪಂದಿರ ಬುದ್ಧಿ ಎಲ್ಲಿ ಮೇಯಲು ಹೋಗುತ್ತದೋ ಆ ಶಿವನಿಗೇ ಗೊತ್ತು.

ಮೂರನೆಯ ಶನಿವಾರ ಇಡೀ ಮನೆ ಮಾಳಿಗೆ ಹತ್ತಿತು. ತಿಪ್ಪೇರುದ್ರಮ್ಮನನ್ನು ಇಬ್ಬರು ಹಿಡಿದು ಮೆಟ್ಟಿಲು ಹತ್ತಿಸಿದರು. ವಿಮಾನ ಸುತ್ತು ಹಾಕುತ್ತಿದ್ದಂತೆ ಮುದುಕಿ ಉಪ್ಪು ಮೆಣಸಿನಕಾಯಿ ಹಿಡಿದು ಆಕಾಶಕ್ಕೇ ದೃಷ್ಟಿ ತೆಗೆದಳು. "ಆ ಕಣ್ಣು, ಈ ಕಣ್ಣು, ಎಲ್ಲಾ ಕಣ್ಣೂ ಸುಟ್ಟು ಹೋಗ್ಲಿ. ನಮ್ಮ ಹುಡುಗಿ ಹೊಟ್ಟೆ ತಣ್ಣಗಿರ್ಲಿ," ಎಂದಳು. ಎದುರು ಮಾಳಿಗೆಯಿಂದ ಲಕ್ಷ್ಮಕ್ಕ, "ಎಂತ ಮಂಚಿ ಪಿಲ್ಲ!" ಎಂದು ತೆಲುಗಿನಲ್ಲಿ ಹೊಗಳಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ಅಂಥ ಒಳ್ಳೆಯ ಹುಡುಗಿ ಆ ಬೀದಿಯಲ್ಲಿ ಇನ್ನೊಬ್ಬಳು ಹುಟ್ಟಿಲ್ಲ ಅನ್ನುವುದು ಆವತ್ತಿನ ತೀರ್ಮಾನವಾಯಿತು.

ಗಂಗಾಂಬಿಕಾ ಮಾತ್ರ ಒಪ್ಪಲಿಲ್ಲ. "ಅವಳು ನನ್ನ ಹತ್ರ ಒಂದು ಮಾತೂ ಹೇಳಿಲ್ವಲ್ರೀ," ಎಂದಳು.

"ಹೇಳ್ತಾಳಾ? ನನ್ನ ಮಗಳು ಅವಳು. ಸೋತೆ ಅಂತ ಬಾಯಿಬಿಟ್ಟು ಹೇಳೋ ಪೈಕಿ ಅಲ್ಲ."

"ಅದೆಲ್ಲಾ ಇರ್ಲಿ. ಪಂಚಮಿ ಹತ್ರ ಬಂತು. ಹೋದ ವರ್ಷ ನೀವೇ ಹೋಗಿ ಕರ್ಕೊಂಡು ಬಂದ್ರಿ. ಈ ವರ್ಷ ಯಾವಾಗ ಹೊರಡ್ತೀರಿ?"

ಆ ಸೀಮೆಯಲ್ಲಿ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು. ಜೋಕಾಲಿ ಕಟ್ಟಬೇಕು, ತಂಬಿಟ್ಟು ತಿನ್ನಬೇಕು, ಹಾಲೆರೆಯಬೇಕು. ಆದರೆ ತಾವಾಗಿಯೇ ಗಂಟು ಹೊತ್ತು ಬರುವಂತಿಲ್ಲ. ಅಪ್ಪನೋ ಅಣ್ಣನೋ ಹೋಗಿ, ಬೀಗರ ಮನೆಯಲ್ಲಿ ಒಂದು ಹೊತ್ತು ಉಂಡು, ಕಳಿಸಿಕೊಡಿ ಎಂದು ಕೇಳಿ ಕರೆತರಬೇಕು. ಇದು ಕಲ್ಲೇಶಪ್ಪನಿಗೆ ಗೊತ್ತಿಲ್ಲದ್ದಲ್ಲ.

"ನಾನ್ಯಾಕೆ ಹೋಗ್ಲಿ?" ಎಂದ. "ವಾರ ವಾರ ಮನೆ ಸುತ್ತ ಬರೋಳಿಗೆ ಕರೆಯೋದು ಬೇರೆ ಬೇಕಾ? ಒಂದು ಗಂಟೆ ಹತ್ತು ನಿಮಿಷದ ದಾರಿ. ಅವಳೇ ಬರ್ತಾಳೆ ನೋಡ್ತಿರು."

ಹೊರಗೆ ಹಾಗೆ ಅಂದರೂ, ಒಳಗೆ ಅವನಿಗೆ ಪುಕಪುಕ. ಪಂಚಮಿಗೆ ಮಗಳು ಬಾರದೆ ಹೋದರೆ ಆ ಮನೆಯಲ್ಲಿ ಜೋಕಾಲಿ ಯಾರಿಗೆ ಕಟ್ಟುವುದು? ಬೀದಿಯವರಿಗೆ ಏನು ಹೇಳುವುದು? ಬೀದಿಯವರು ಹಾಳಾಗಿ ಹೋಗಲಿ, ಅವಳಿಲ್ಲದ ಪಂಚಮಿಯ ಊಟ ಗಂಟಲಲ್ಲಿ ಇಳಿಯುವುದಾದರೂ ಹೇಗೆ? ಹೀಗೆಂದುಕೊಂಡು ಫೋನು ಕೈಗೆ ತೆಗೆದುಕೊಳ್ಳುತ್ತಿದ್ದ. ಮತ್ತೆ, ಶನಿವಾರ ವಿಮಾನ ಬರುತ್ತದಲ್ಲ, ಸಾಕು ಎಂದು ಕೆಳಗಿಡುತ್ತಿದ್ದ.

ಪಂಚಮಿಗೆ ಇನ್ನು ಒಂದೇ ವಾರ ಇದೆ ಅನ್ನುವಾಗ ಅವನಿಗೆ ಚಳ್ಳಕೆರೆಗೆ ಹೋಗುವ ಕೆಲಸ ಬಿತ್ತು. ಅಲ್ಲಿ ಶೇಂಗಾ ವ್ಯಾಪಾರದ ಚಂದ್ರಣ್ಣ ಅವನ ಜೊತೆ ಓದಿದವನು. ಚಂದ್ರಣ್ಣನ ಹೆಂಡತಿ ಗೀತಮ್ಮನಿಗೆ ಹಬ್ಬಕ್ಕೆ ಸೀರೆ ಬೇಕಿತ್ತು. ನಾಲ್ಕು ಸೀರೆ ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹೊರಟ. ಆವತ್ತು ಶನಿವಾರ. "ನಾನು ಇಲ್ಲ ಅಂತ ನೀನಾದ್ರೂ ಮೇಲೆ ಹೋಗಿ ಕೈ ಬೀಸು. ಬೇಜಾರು ಮಾಡ್ಕೊಂಡಾಳು," ಎಂದು ಹೆಂಡತಿಗೆ ಹೇಳಲು ಮರೆಯಲಿಲ್ಲ.

ಗೀತಮ್ಮ ಹಸಿರು ಸೀರೆ ಆರಿಸಿಕೊಂಡು ಒಳಗೆ ಹೋದಳು. ಗೆಳೆಯರಿಬ್ಬರೂ ಅಂಗಳದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಮಂಡಕ್ಕಿ ಮೆಣಸಿನಕಾಯಿ ಮೆಲ್ಲುತ್ತ ಹಳೆಯ ಮಾತು ತೆಗೆದಿದ್ದರು. ಅಷ್ಟರಲ್ಲಿ ಗುಂಯ್ ಎಂದಿತು. ಅದೇ ಸದ್ದು! ಕಲ್ಲೇಶಪ್ಪ ಧಡಾರನೆ ಎದ್ದ. ಮಂಡಕ್ಕಿ ಚೆಲ್ಲಿತು. ಮರದ ಕೆಳಗಿನಿಂದ ಬಯಲಿಗೆ ಓಡಿ, ಟವೆಲ್ ತೆಗೆದು ಬೀಸತೊಡಗಿದ.

"ಯಾರಿಗ್ಲೇ ಟವೆಲ್ ಬೀಸ್ತೀ?" ಎಂದ ಚಂದ್ರಣ್ಣ.

"ನಮ್ಮ ದೀಪಿಕಾ ಕಣ್ಲೇ! ಅಲ್ಲಿ ನೋಡು, ಆ ಬಿಳಿ ವಿಮಾನದಾಗೆ ಅವಳೇ. ಹುಬ್ಬಳ್ಳಿಗೆ ಹೊಂಟವ್ಳೆ. ನಮ್ಮೂರ ಮೇಲೆ ಎರಡು ಸುತ್ತು ಹಾಕ್ತಾಳೆ, ಇಲ್ಲಿಗೂ ಬಂದವ್ಳೆ ನೋಡು!"

ಚಂದ್ರಣ್ಣ ಒಮ್ಮೆ ವಿಮಾನ ನೋಡಿದ, ಒಮ್ಮೆ ಗೆಳೆಯನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದವನು ಕೆಮ್ಮು ಬರುವವರೆಗೆ ನಕ್ಕ. ಒಳಗಿನಿಂದ ಗೀತಮ್ಮ ಗಾಬರಿಯಿಂದ ಇಣುಕಿ ನೋಡಿದಳು.

"ಲೇ ಕಲ್ಲೇಶ, ಅದು ಉಳ್ಳಾರ್ತಿ ಕಾವಲ್ ಕಡೆಯಿಂದ ಸರ್ಕಾರದೋರು ಬಿಡೋ ಪರೀಕ್ಷೆ ವಿಮಾನ ಕಣ್ಲೇ! ಕೆಳಗೆ ಕೂತು ಯಂತ್ರದಾಗೆ ಓಡಿಸ್ತಾರೆ. ಅದ್ರಾಗೆ ನಿನ್ನ ಮಗಳಿರೋದಿರ್ಲಿ, ಪೈಲಟ್ಟೇ ಇಲ್ಲ. ಒಂದು ನೊಣ ಕೂಡ ಕೂರೋ ಜಾಗ ಇಲ್ಲ!"

"ಸುಳ್ಳು ಹೇಳಬೇಡ."

"ಸುಳ್ಳ್ಯಾಕೆ ಹೇಳ್ಲಿ? ನಮ್ಮೂರ ಹುಡುಗರನ್ನ ಯಾರನ್ನಾದ್ರೂ ಕೇಳು. ಹುಬ್ಬಳ್ಳಿ ವಿಮಾನ ಇಷ್ಟು ಕೆಳಗೆ ಬಂದ್ರೆ ನಮ್ಮ ಬೇವಿನ ಮರಾನೇ ಕಿತ್ಕೊಂಡು ಹೋಗ್ತೈತೆ ಕಣೋ!" ಎಂದು ಚಂದ್ರಣ್ಣ ಮತ್ತೆ ನಗಲು ಬಾಯಿ ತೆರೆದ. ಆದರೆ ಗೆಳೆಯನ ಮುಖ ನೋಡಿ ನಗು ಅಲ್ಲೇ ನಿಂತಿತು.

ಕಲ್ಲೇಶಪ್ಪನ ಟವೆಲ್ ಹಿಡಿದ ಕೈ ಕೆಳಗಿಳಿದಿತ್ತು. ವಿಮಾನ ತನ್ನ ಪಾಡಿಗೆ ಇನ್ನೊಂದು ಸುತ್ತು ಹಾಕುತ್ತಿತ್ತು. ಖಾಲಿ. ಇಷ್ಟು ದಿನವೂ ಖಾಲಿ. ಅವನು ಖಾಲಿ ಡಬ್ಬಿಗೆ ಕೈ ಬೀಸಿದ್ದ, ಅವ್ವನ ಕೈಯಲ್ಲಿ ದೃಷ್ಟಿ ತೆಗೆಸಿದ್ದ, ಕಣ್ಣೀರು ಹಾಕಿದ್ದ. ನಾಚಿಕೆಯಾಗಿದ್ದು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇವಳು ಸುತ್ತು ಹಾಕುತ್ತಿಲ್ಲ ಅಂದರೆ, ತಪ್ಪು ಒಪ್ಪಿಕೊಂಡಿಲ್ಲ ಅಂದರೆ, ಆವತ್ತು ಬರಲ್ಲ ಅಂದದ್ದು ಹಾಗೆಯೇ ಇದೆ. ತಾನು ಮಾತ್ರ ಎಲ್ಲಾ ಸರಿಹೋಯಿತು ಅಂತ ಹಾಯಾಗಿ ಉಂಡು ಮಲಗುತ್ತಿದ್ದ.

"ನೀರು ಕುಡಿ, ಕೂತ್ಕೋ," ಎಂದ ಚಂದ್ರಣ್ಣ ಮೆಲ್ಲಗೆ.

ಕಲ್ಲೇಶಪ್ಪ ಕೂರಲಿಲ್ಲ. ಅಲ್ಲೇ ಬಿಸಿಲಲ್ಲಿ ನಿಂತು ಫೋನು ತೆಗೆದು ಮಗಳ ಹೆಸರು ಒತ್ತಿದ. ಎರಡನೇ ರಿಂಗಿಗೇ ಎತ್ತಿದಳು.

"ಎಲ್ಲಿದೀಯವ್ವ?" ಎಂದ.

"ಮನೇಲಿ."

"ಶನಿವಾರ ಅಲ್ವಾ, ಹುಬ್ಬಳ್ಳಿಗೆ ಹೋಗಲಿಲ್ವಾ?"

"ಅವರು ಬೇಕಾದಾಗ ಒಬ್ರೇ ಹೋಗಿ ಬರ್ತಾರೆ. ತಲೆ ಮೇಲೆ ಓಡಾಡಬೇಡ ಅಂದೋನು ನೀನೇ ಅಲ್ವಾ? ಆವತ್ತಿಂದ ನಾನು ವಿಮಾನ ಹತ್ತಿಲ್ಲ."

"ಪಂಚಮಿಗೆ..." ಎಂದು ಕಲ್ಲೇಶಪ್ಪ ನಿಲ್ಲಿಸಿದ.

"ಪಂಚಮಿಗೆ ಏನು?"

"ಬರಲ್ವಾ?"

"ಹೆಂಗಪ್ಪ ಬರ್ಲಿ?" ಎಂದಳು ದೀಪಿಕಾ. ಅವಳ ದನಿ ಒಡೆಯಿತು. "ಕರೆಯೋಕೆ ಯಾರು ಬಂದ್ರು? ಅತ್ತೆ ಫೋನ್ ಮಾಡಿದಾಗೆಲ್ಲಾ ಕೇಳ್ತಾರೆ, ನಿಮ್ಮಪ್ಪಾರು ಯಾವಾಗ ಬರ್ತಾರವ್ವಾ ಅಂತ. ಮದುವೆ ಸೀರೆ ವ್ಯಾಪಾರ ಜೋರೈತೆ, ಅಂಗಡಿ ಬಿಡೋಕಾಗ್ತಿಲ್ಲ ಅಂತ ಸುಳ್ಳು ಹೇಳಿ ಹೇಳಿ ಸಾಕಾಯ್ತು. ಆಷಾಢದಾಗೆ ಯಾರಪ್ಪಾ ಮದುವೆ ಸೀರೆ ತಗೊಳ್ತಾರೆ? ಅತ್ತೆಗೆ ಅಷ್ಟೂ ಗೊತ್ತಾಗಲ್ವಾ?"

ಕಲ್ಲೇಶಪ್ಪ ಫೋನು ಇಟ್ಟ. ಎರಡೂರಿನ ನಡುವೆ ಆಕಾಶದಲ್ಲಿ ಎಷ್ಟು ದೂರ, ಎಷ್ಟು ನಿಮಿಷ ಎಂದು ತಾಲ್ಲೂಕಿಗೆಲ್ಲಾ ಸಾರಿದ್ದ. ತನ್ನ ಮನೆಯಿಂದ ಮಗಳ ಮನೆಗೆ ಈ ವರ್ಷ ನೆಲದ ಮೇಲೆ ಒಂದು ಹೆಜ್ಜೆ ಇಟ್ಟಿರಲಿಲ್ಲ.

"ಚಂದ್ರಣ್ಣ, ಅನಂತಪುರದ ಬಸ್ಸು ಎಷ್ಟೊತ್ತಿಗೈತೆ?"

"ಈಗೊಂದು ಬರ್ತೈತೆ. ಯಾಕ್ಲೇ? ಬಟ್ಟೆ ಬರೆ ಏನೂ ತಂದಿಲ್ಲ, ಉಟ್ಟ ಪಂಚೇಲೇ ಹೋಗ್ತೀಯಾ?"

"ಬೆತ್ತಲೆ ಏನೂ ಹೋಗ್ತಿಲ್ವಲ್ಲ," ಎಂದು ಕಲ್ಲೇಶಪ್ಪ ಚಪ್ಪಲಿ ಮೆಟ್ಟಿದ.

ಅಳಿಯನ ಮನೆಗೆ ಬರಿಗೈಯಲ್ಲಿ ಹೋಗಬಾರದು ಅಂತ ಗೀತಮ್ಮ ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು. ಚಂದ್ರಣ್ಣ ಮೋಟರ್ ಬೈಕಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟ. ಆ ಮೇಲಿನ ಪ್ರಯಾಣದ ಕಥೆ ಕೇಳಬೇಡಿ. ಅನಂತಪುರದ ಬಸ್ಸಿನ ಟೈರು ಕಲ್ಯಾಣದುರ್ಗದ ಹತ್ತಿರ ಪಂಕ್ಚರ್ ಆಯಿತು, ತಿರುಪತಿಯ ಬಸ್ಸಿನಲ್ಲಿ ಕೊನೆಯ ಸೀಟು ಸಿಕ್ಕಿತು, ಪಕ್ಕದವನೊಬ್ಬ ಊರು ಬರುವವರೆಗೆ ಇವನ ಹೆಗಲ ಮೇಲೆ ಗೊರಕೆ ಹೊಡೆದ. ಕಲ್ಲೇಶಪ್ಪನಿಗೆ ಅದ್ಯಾವುದರ ಮೇಲೂ ಸಿಟ್ಟು ಬರಲಿಲ್ಲ ಅನ್ನುವುದೇ ಆಶ್ಚರ್ಯ.

ಬೆಳಗಾಗಿ, ಹಾಲಿನವನು ಬರುವ ಹೊತ್ತಿಗೆ ಮಗಳ ಮನೆಯ ಬಾಗಿಲು ತಟ್ಟಿದ. ಬನಿಯನ್ನಿನಲ್ಲೇ ಬಂದು ಬಾಗಿಲು ತೆರೆದ ಮಲ್ಲಿಕ್ ಕಣ್ಣು ಉಜ್ಜಿಕೊಂಡ.

"ಅಯ್ಯ, ಮಾವಾರ! ಬರ್ರಿ, ಬರ್ರಿ. ಸಾವಕಾಶ ರೀ, ಕಾಲಾಗ ಚೀಲ ಐತಿ!"

ಹೊಸ್ತಿಲಿನ ಒಳಗೇ, ದಾರಿಗೆ ಅಡ್ಡಲಾಗಿ, ದೊಡ್ಡದೊಂದು ಬಟ್ಟೆಯ ಚೀಲ ಕೂತಿತ್ತು. ಜಿಪ್ಪು ಹರಿದು ಹೋಗುವಷ್ಟು ತುಂಬಿತ್ತು. ಪಕ್ಕದಲ್ಲಿ ದೀಪಿಕಾಳ ಚಪ್ಪಲಿ, ಹೊರಡಲು ತಯಾರಾದವರ ಹಾಗೆ ಬಾಗಿಲ ಕಡೆ ಮುಖ ಮಾಡಿ ಇಟ್ಟಿತ್ತು.

"ಇದು ಇಲ್ಲೇ ಕುಂತು ಹದಿನೈದು ದಿನಾ ಆತ್ರಿ," ಎಂದ ಮಲ್ಲಿಕ್, ಬಲಗಾಲಿನ ಹೆಬ್ಬೆರಳು ಎತ್ತಿ ತೋರಿಸಿದ. ಅದಕ್ಕೆ ಬಟ್ಟೆ ಸುತ್ತಿತ್ತು. "ದಿನಾ ಎಡವಿ ಎಡವಿ ಉಗುರು ಹೋತು. ಒಳಗ ತಗದ ಇಡ್ತೇನಿ ಅಂದ್ರ ಮುಟ್ಟಗೊಡೂದಿಲ್ಲ. ನಮ್ಮಪ್ಪ ಯಾವ ಹೊತ್ತಿನ್ಯಾಗ ಬರ್ತಾನೋ ಗೊತ್ತಿಲ್ಲ, ಬಂದಾಗ ತಡಾ ಆಗಬಾರದು ಅಂತಾಳ."

ಕಲ್ಲೇಶಪ್ಪ ಚೀಲ ನೋಡಿದ, ಅಳಿಯನ ಹೆಬ್ಬೆರಳು ನೋಡಿದ. ಅದೇ ಚೀಲದ ಮೇಲೆ ಕುಸಿದು ಕೂತು, ಅಳಿಯನ ಮುಂದೆ ಎನ್ನುವ ನಾಚಿಕೆಯೂ ಇಲ್ಲದೆ ಗಳಗಳನೆ ಅತ್ತುಬಿಟ್ಟ.

ಅಡುಗೆ ಮನೆಯಿಂದ ಓಡಿ ಬಂದ ದೀಪಿಕಾ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಅವಳ ಕಣ್ಣೂ ತುಂಬಿತ್ತು. ಆದರೆ ಬಾಯಿ ಬಿಟ್ಟಾಗ ಬಂದ ಮಾತು ಬೇರೆ.

"ಅಪ್ಪಾ, ಏಳಪ್ಪಾ ಮೇಲೆ! ಅಜ್ಜಿಗೆ ಅಂತ ನಿನ್ನೆ ಲಡ್ಡು ತಂದು ಅದ್ರಾಗೆ ಇಟ್ಟೀನಿ, ಎಲ್ಲಾ ಪುಡಿ ಮಾಡ್ಬಿಟ್ಟೆ!"

"ಆಗ್ಲಿ ಬಿಡವ್ವ," ಎಂದ ಕಲ್ಲೇಶಪ್ಪ, ಅವಳ ಕೈ ಹಿಡಿದುಕೊಂಡು, ಎದ್ದೇಳದೆ. "ನಿಮ್ಮಜ್ಜಿಗೆ ಹಲ್ಲೆಲ್ಲಿವೆ?"